ನೀರಿನ ಜಾಡಿನಲ್ಲಿ ನಾಲ್ಕು ತಾಲ್ಲೂಕು

ಭಾನುವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟ ಕಾರು ಏಳೂವರೆಗೆಲ್ಲ ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ನಿಂತಿರುತ್ತದೆ. ಅಲ್ಲಿಂದ ಗಂಜಾಂನ ನಿಮಿಷಾಂಬ, ದರಿಯಾ ದೌಲತ್, ಆಮೇಲೆ ಮೇಲುಕೋಟೆ. ಚೆಲುವನಾರಾಯಣಸ್ವಾಮಿಯ ಬಾಗಿಲು ಹಾಕುವ ಹೊತ್ತಿಗೆ ಓಡಿಹೋಗಿ ಒಂದು ದರ್ಶನ, ಒಂದು ಪ್ಲೇಟ್ ಪುಳಿಯೋಗರೆ, ಕಲ್ಯಾಣಿಯ ಮುಂದೆ ಒಂದು ಫೋಟೊ, ಮತ್ತೆ ಹೆದ್ದಾರಿ. ಸಾವಿರಾರು ಕುಟುಂಬಗಳು ಮಂಡ್ಯ ಜಿಲ್ಲೆಯನ್ನು ನೋಡುವುದು ಹೀಗೆ. ರಾತ್ರಿ ಮನೆ ಸೇರಿದ ಮೇಲೆ ದಣಿವು ನೆನಪಿರುತ್ತದೆ, ಊರುಗಳು ಕಲಸಿಹೋಗಿರುತ್ತವೆ.

ಕಾರಿನ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ), ನಾಗಮಂಗಲ ಒಂದಕ್ಕೊಂದು ಅಂಟಿಕೊಂಡಿರುವ ತಾಲ್ಲೂಕುಗಳು. ಅವುಗಳ ನಡುವೆ, ಬೆಟ್ಟದ ಮೇಲೆ, ಮೇಲುಕೋಟೆ ಇದೆ. ಅಲ್ಲಿ ಎರಡು ರಾತ್ರಿ ತಂಗುವ ಹಾಗೆ ಮೂರು ದಿನದ ಯೋಜನೆ ಹಾಕಿಕೊಂಡರೆ ಒಂದು ನಾಡಿನ ಚರಿತ್ರೆ, ಬೇಸಾಯ, ಶಿಲ್ಪ, ಕಾವ್ಯ ಎಲ್ಲವೂ ಕಾರಿನ ಕಿಟಕಿಯಾಚೆ ಸಾಲಾಗಿ ಬರುತ್ತವೆ. ಅದಕ್ಕೆ ಬೇಕಾದದ್ದು ನೋಡುವ ಜಾಗಗಳ ಉದ್ದ ಪಟ್ಟಿಯಲ್ಲ, ಹಿಡಿದು ಹೋಗಲು ಒಂದು ಎಳೆ. ಈ ಸೀಮೆಯಲ್ಲಿ ಆ ಎಳೆ ನೀರು.

ಪ್ರತಿ ಊರಿನಲ್ಲೂ ಇಲ್ಲಿಗೆ ನೀರು ಎಲ್ಲಿಂದ ಬಂತು ಎಂದು ಕೇಳುತ್ತ ಹೋಗಿ. ಶ್ರೀರಂಗಪಟ್ಟಣದಲ್ಲಿ ಹೊಳೆಯ ನೀರು. ಪಾಂಡವಪುರದ ಗದ್ದೆಬಯಲಿನಲ್ಲಿ ನಾಲೆಯ ನೀರು. ತೊಣ್ಣೂರಿನಲ್ಲಿ ಕೆರೆಯ ನೀರು. ಮೇಲುಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದು ಕೊಳಕ್ಕಿಳಿದ ಮಳೆನೀರು. ಕೆ.ಆರ್. ಪೇಟೆಯಲ್ಲಿ ಹೇಮಾವತಿ. ನಾಗಮಂಗಲದಲ್ಲಿ ಬಹುಮಟ್ಟಿಗೆ ಮುಗಿಲನ್ನೇ ನಂಬಿದ ರಾಗಿ ಹೊಲ. ಊಟ, ಬೆಳೆ, ಗುಡಿಯ ಗಾತ್ರ, ರಾಜಧಾನಿ ಎಲ್ಲಿರಬೇಕೆಂಬ ತೀರ್ಮಾನ, ಎಲ್ಲದರಲ್ಲೂ ಈ ನೀರಿನ ಕೈವಾಡವಿದೆ.

ಮೊದಲ ದಿನ: ಹೊಳೆ, ನಾಲೆ, ಕೆರೆ

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ ಹತ್ತಿರವಾಗಿದೆ, ಜೊತೆಗೆ ತಪ್ಪಿಹೋಗುವುದೂ ಸುಲಭವಾಗಿದೆ. ಮುಖ್ಯ ರಸ್ತೆ ಊರನ್ನು ಬಳಸಿಕೊಂಡು ಸಾಗುತ್ತದೆ. ಹೊರದಾರಿ ಎಲ್ಲಿದೆ ಎಂದು ಮೊದಲೇ ನೋಡಿಕೊಂಡು ಸರ್ವಿಸ್ ರಸ್ತೆಗೆ ಇಳಿಯಬೇಕು. ವೇಗ ಅಳೆಯುವ ಕ್ಯಾಮೆರಾಗಳು ದಾರಿಯುದ್ದಕ್ಕೂ ಇವೆ. ಬೈಕಿನಲ್ಲಿ ಬರುವವರಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. 2023ರ ಆಗಸ್ಟ್ 1ರಿಂದ ಆ ನಿರ್ಬಂಧ ಜಾರಿಯಲ್ಲಿದೆ.

ಬೆಳಿಗ್ಗೆ ಮೊದಲು ರಂಗನತಿಟ್ಟಿಗೆ ಹೋಗಿ. ಬಿಸಿಲೇರುವ ಮುಂಚಿನ ದೋಣಿಯಲ್ಲಿ ಹಕ್ಕಿಗಳೂ ಹೆಚ್ಚು, ಜನವೂ ಕಡಿಮೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಇಲ್ಲಿನ ನಡುಗಡ್ಡೆಗಳು ಮೂಡಿದವು. ಹಕ್ಕಿಗಳು ಅಲ್ಲಿ ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೇಸಾಯಕ್ಕೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೂ ನೆಲೆಯಾದದ್ದು ಹೀಗೆ.

ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡರು. ಒಡೆಯರು ದಸರೆಯನ್ನು ಮೊದಲು ಆಚರಿಸಿದ್ದೂ ಇಲ್ಲೇ. ಆಮೇಲೆ ಸುಮಾರು ಎರಡು ಶತಮಾನ ಈ ಊರನ್ನು ಕಾಯ್ದದ್ದು ಕಲ್ಲಿನ ಗೋಡೆಯಷ್ಟೇ ಅಲ್ಲ, ಮಳೆಗಾಲದ ತುಂಬು ಹೊಳೆ ಕೂಡ. 1799ರಲ್ಲಿ ಬ್ರಿಟಿಷ್ ಸೇನೆಗೆ ಈ ಗುಟ್ಟು ಗೊತ್ತಿತ್ತು. ಮುಂಗಾರು ಬಂದು ಕಾವೇರಿ ಏರಿದರೆ ಮುತ್ತಿಗೆ ಮುರಿದುಬೀಳುತ್ತಿತ್ತು. ಮೇ 4ರ ಮಧ್ಯಾಹ್ನ, ನೀರು ಇಳಿದಿದ್ದ ಹೊಳೆಯನ್ನು ದಾಟಿ, ಒಡೆದ ಗೋಡೆಯ ಮೂಲಕ ಸೈನಿಕರು ನುಗ್ಗಿದರು. ಟಿಪ್ಪು ಸುಲ್ತಾನ್ ಅಂದೇ ಹೋರಾಡುತ್ತ ಮಡಿದ. ಕೋಟೆಯ ವಾಯವ್ಯ ಮೂಲೆಯಲ್ಲಿ ನಿಂತು ಹೊಳೆಯತ್ತ ನೋಡಿದರೆ ಆ ದಿನದ ಲೆಕ್ಕಾಚಾರ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ದರಿಯಾ ದೌಲತ್‌ಗೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. 1784ರಲ್ಲಿ ಕಟ್ಟಿದ ಈ ತೇಗದ ಮರದ ಬೇಸಿಗೆ ಅರಮನೆಯ ಪಡುವಣ ಗೋಡೆಯ ಮೇಲೆ, 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಯುದ್ಧದ ದೊಡ್ಡ ಚಿತ್ರವಿದೆ. ಈ ಊರಿನಿಂದ ಲೂಟಿಯಾದ ವಸ್ತುಗಳಲ್ಲಿ ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅವನ ಡೇರೆ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಕಾರು ಓಡಿಸಲು ಹೋದ ಕನ್ನಡಿಗರು ಅವನ್ನು ಅಲ್ಲಿ ನೋಡಿ ಬರುತ್ತಾರೆ. ಅವು ಹುಟ್ಟಿದ ಮನೆಗೆ ಅರ್ಧ ದಿನ ಕೊಡುವುದು ದೊಡ್ಡ ಮಾತಲ್ಲ.

ಮಧ್ಯಾಹ್ನದ ಮೇಲೆ ಪಾಂಡವಪುರದ ದಾರಿ ಹಿಡಿಯಿರಿ. ಇಲ್ಲಿಂದ ಎರಡೂ ಬದಿ ಭತ್ತ, ಕಬ್ಬು, ತೆಂಗು. ಹಸಿರಿನ ಹಿಂದೆ ಎರಡು ಕಾಲದ ಎಂಜಿನಿಯರಿಂಗ್ ಇದೆ. ಹಳೆಯದು ಮೈಸೂರು ಅರಸರ ಅಣೆಕಟ್ಟೆಗಳು ಮತ್ತು ನಾಲೆಗಳು. ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಇಂದಿಗೂ ಗದ್ದೆಗೆ ನೀರು ಕೊಡುತ್ತಿವೆ. ಹೊಸದು ಕನ್ನಂಬಾಡಿ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಶುರುವಾದ ಅಣೆಕಟ್ಟು ಅದು. ಮಳೆಗಾಲದಲ್ಲಿ ಅದರ ಮಟ್ಟ 124.80 ಅಡಿ ಮುಟ್ಟಿತೇ ಎಂಬುದು ಮಂಡ್ಯದ ಮನೆಮನೆಯ ಮಾತು. ಅಲ್ಲಿಂದ ಹೊರಟ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ವೈಸ್‌ರಾಯ್ ಹೆಸರಿತ್ತು. ಈಗ ಅದು ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಬೆಟ್ಟ ಅಡ್ಡ ಬಂದಲ್ಲಿ ಹುಲಿಕೆರೆಯ ಬಳಿ ಸುರಂಗ ಕೊರೆದು ನೀರು ದಾಟಿಸಿದರು. ಒಣಭೂಮಿಯಾಗಿದ್ದ ಮಂಡ್ಯದ ಸೀಮೆ ಸಕ್ಕರೆ ಸೀಮೆಯಾದದ್ದು ಈ ನಾಲೆಯಿಂದ.

ಕಬ್ಬು ಕಡಿಯುವ ಕಾಲದಲ್ಲಿ ಬಂದರೆ ಯಾವುದಾದರೂ ಆಲೆಮನೆಯ ಮುಂದೆ ಕಾರು ನಿಲ್ಲಿಸಿ, ಕೇಳಿ ಒಳಗೆ ಹೋಗಿ. ಗಾಣದಿಂದ ಬರುವ ಕಬ್ಬಿನ ಹಾಲು, ಕೊಪ್ಪರಿಗೆಯಲ್ಲಿ ಕುದಿಯುವ ಪಾಕ, ಒಲೆಗೆ ಒಣಗಿದ ಸಿಪ್ಪೆ, ಅಚ್ಚಿಗೆ ಸುರಿದ ಬಿಸಿ ಬೆಲ್ಲ. ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬಂಡೆಗಳ ನಡುವೆ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಊರಿನ ಪಕ್ಕದ ಕುಂತಿ ಬೆಟ್ಟವನ್ನು ಕಾಲಿನಲ್ಲಿ ಕಸುವಿದ್ದವರು ಹತ್ತಬಹುದು. ಉಳಿದವರು ನೇರ ತೊಣ್ಣೂರಿಗೆ ಹೋಗಲಿ.

ತೊಣ್ಣೂರು ಕೆರೆ ಎರಡು ಕಲ್ಲುಬೆಟ್ಟಗಳ ನಡುವಿನ ಸಂದಿಗೆ ಏರಿ ಹಾಕಿ ನಿಲ್ಲಿಸಿದ ನೀರು. ತಿಳಿನೀರನ್ನು ಕಂಡು ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದು ಕರೆದ. ಹನ್ನೆರಡನೆಯ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಮೇಲುಕೋಟೆಗೆ ಮೊದಲು ನೆಲೆಸಿದ್ದು ಇಲ್ಲಿ. ಹೊಯ್ಸಳ ಬಿಟ್ಟಿದೇವ ಅವರ ಪ್ರಭಾವಕ್ಕೆ ಬಂದು ವಿಷ್ಣುವರ್ಧನನಾದ ಕತೆಯೂ ಈ ಊರಿಗೆ ಸೇರಿದ್ದು. ನಂಬಿನಾರಾಯಣ ದೇವಾಲಯ ನೋಡಿ, ಕೆರೆಯ ಏರಿಯ ಮೇಲೆ ಸಂಜೆ ಕಳೆಯಿರಿ. ನೀರಿಗೆ ಮಾತ್ರ ಇಳಿಯಬೇಡಿ. ನೋಡಲು ಶಾಂತ, ಆಳ ಬಹಳ. ಕತ್ತಲಾಗುವ ಮುಂಚೆ ಜಕ್ಕನಹಳ್ಳಿಯ ಮೂಲಕ ಮೇಲುಕೋಟೆ ಹತ್ತಿಬಿಡಿ.

ಮೇಲುಕೋಟೆಯಲ್ಲಿ ರಾತ್ರಿ

ಮೇಲುಕೋಟೆಯನ್ನು ನಡುಬಿಡಾರ ಮಾಡಿಕೊಳ್ಳಲು ಕಾರಣ ಸ್ಪಷ್ಟ. ಇಲ್ಲಿಂದ ಕೆ.ಆರ್. ಪೇಟೆ, ನಾಗಮಂಗಲ ಎರಡೂ ಒಂದು ಗಂಟೆಯೊಳಗಿನ ಹಾದಿ. ಪ್ರತಿ ರಾತ್ರಿ ಗಂಟುಮೂಟೆ ಕಟ್ಟಿ ಹೊಸ ಕೋಣೆ ಹುಡುಕುವ ಕಷ್ಟವಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೇಲುಕೋಟೆ ತನ್ನ ನಿಜವಾದ ರೂಪದಲ್ಲಿ ಇರುವುದು ಪ್ರವಾಸಿಗರ ಕಾರುಗಳೆಲ್ಲ ಇಳಿದುಹೋದ ಮೇಲೆ ಮತ್ತು ಅವು ಮರುದಿನ ಹತ್ತಿ ಬರುವ ಮೊದಲು.

ಬೆಳಿಗ್ಗೆ ಆರರ ಸುಮಾರಿಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಇರಿ. ಸುತ್ತ ಕಂಬಗಳ ಮಂಟಪ, ಮೇಲೆ ಯೋಗನರಸಿಂಹನ ಬೆಟ್ಟ, ಕೆಳಗೆ ನೀರು. ಇಲ್ಲಿ ನದಿಯಿಲ್ಲ. ಇಡೀ ಊರು ನಿಂತಿರುವುದು ಬಂಡೆಯ ಮೇಲೆ ಸುರಿದ ಮಳೆಯನ್ನು ಒಂದು ಹನಿಯೂ ಪೋಲಾಗದಂತೆ ಕೊಳ, ಬಾವಿ, ತೀರ್ಥಗಳಿಗೆ ಇಳಿಸಿಕೊಂಡ ಜಾಣ್ಮೆಯ ಮೇಲೆ. ಅಕ್ಕ–ತಂಗಿ ಕೊಳಗಳು, ಧನುಷ್ಕೋಟಿ, ಬೆಟ್ಟದ ಸುತ್ತಲಿನ ಇತರ ತೀರ್ಥಗಳನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಎಂಟು ತೀರ್ಥಗಳಿಗೆ ದೇವರನ್ನು ಹೊತ್ತು ಹೋಗುವ ಅಷ್ಟತೀರ್ಥೋತ್ಸವವೇ ಇಲ್ಲಿ ನಡೆಯುತ್ತದೆ. ನೀರಿರುವ ಒಂದೊಂದು ಜಾಗಕ್ಕೂ ವರ್ಷಕ್ಕೊಮ್ಮೆ ಇಡೀ ಊರು ಹೋಗಿ ನಮಸ್ಕರಿಸುವ ಪದ್ಧತಿ ಅದು.

ಬೆಟ್ಟದ ಮೆಟ್ಟಿಲನ್ನು ಬಿಸಿಲೇರುವ ಮುಂಚೆ ಹತ್ತಿ. ಕೈಯಲ್ಲಿ ತಿಂಡಿಯ ಪೊಟ್ಟಣ ಇಟ್ಟುಕೊಳ್ಳಬೇಡಿ, ಕೋತಿಗಳು ಬಿಡುವುದಿಲ್ಲ. ಮೇಲಿನಿಂದ ಇಡೀ ಪ್ರಯಾಣದ ನಕ್ಷೆ ಕಾಣುತ್ತದೆ: ತೆಂಕಣಕ್ಕೆ ನಾಲೆಯ ಹಸಿರು, ಬಡಗಣಕ್ಕೆ ಕುರುಚಲು ಕಾಡು ಮತ್ತು ಹೊಲ. ಆ ಕುರುಚಲು ಕಾಡಿನ ಸುಮಾರು 50 ಚದರ ಕಿಲೋಮೀಟರ್ ಭಾಗವನ್ನು 1974ರಲ್ಲಿ, ಮುಖ್ಯವಾಗಿ ತೋಳಗಳ ರಕ್ಷಣೆಗೆಂದು ವನ್ಯಜೀವಿಧಾಮ ಮಾಡಲಾಗಿದೆ. ಸಂಜೆ ರಾಯಗೋಪುರಕ್ಕೆ ಹೋಗಿ. ಮುಗಿಯದೆ ನಿಂತ ಆ ನಾಲ್ಕು ಎತ್ತರದ ಕಂಬಗಳು ಎಷ್ಟೋ ಸಿನಿಮಾಗಳಲ್ಲಿ ಬಂದಿವೆ.

ಊರೊಳಗೆ ಕವಿ ಪು.ತಿ. ನರಸಿಂಹಾಚಾರ್ ಅವರ ಮನೆ ಸ್ಮಾರಕವಾಗಿ ಉಳಿದಿದೆ. 1905ರಲ್ಲಿ ಇಲ್ಲಿ ಹುಟ್ಟಿದ ಅವರ ಕಾವ್ಯದಲ್ಲಿ ಈ ಬೆಟ್ಟ, ಈ ಉತ್ಸವ, ಈ ಬೀದಿಗಳ ಉಸಿರಿದೆ. ಗಾಂಧಿವಾದಿ ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟಿನ ಕೈಮಗ್ಗದ ಬಟ್ಟೆ ಕೊಳ್ಳಬಹುದು. ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಓಲೆಗರಿಗಳ ಸಂಗ್ರಹವಿದೆ. ಪುಳಿಯೋಗರೆ, ಸಕ್ಕರೆ ಪೊಂಗಲ್ಲಿಗೆ ಬಿಡುವಾಗಿ ಕೂರಿ. ಇಲ್ಲಿನ ಗೊಜ್ಜಿನ ರುಚಿ ಅವಸರದಲ್ಲಿ ತಿಂದವರಿಗೆ ದಕ್ಕುವುದಿಲ್ಲ.

ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದ ಬಗ್ಗೆ ಒಂದು ಮಾತು. ಮಂಡ್ಯದ ಖಜಾನೆಯಲ್ಲಿರುವ ಕಿರೀಟ ಅಂದು ದಾರಿಯ ಹಳ್ಳಿಗಳ ಪೂಜೆ ಸ್ವೀಕರಿಸುತ್ತ ಬಂದು, ಒಂದು ರಾತ್ರಿ ಚೆಲುವನಾರಾಯಣನ ಮುಡಿಯೇರುತ್ತದೆ. ಅದನ್ನು ನೋಡಲೆಂದೇ ಬರುವುದಾದರೆ ಕಾರನ್ನು ಮರೆತು ಜನರೊಂದಿಗೆ ಜನವಾಗಿ ಬನ್ನಿ. ಸಾವಧಾನದ ಕಾರು ಪ್ರವಾಸಕ್ಕೆ ಆ ವಾರ ಒಗ್ಗುವುದಿಲ್ಲ.

ಎರಡನೆಯ ದಿನ: ಹೇಮಾವತಿಯ ಸೀಮೆ

ಕೆ.ಆರ್. ಪೇಟೆ ತಾಲ್ಲೂಕು ಪ್ರವಾಸಿಗರ ಪಟ್ಟಿಯಲ್ಲಿ ಬರುವುದೇ ಅಪರೂಪ. ಆದರೆ ಹೊಯ್ಸಳರ ಕೆಲಸವನ್ನು ನೂಕುನುಗ್ಗಲಿಲ್ಲದೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿ ಜನ ಹೆಚ್ಚಿದ್ದಾರೆ. ಅದೇ ಕೈಗಳ ಪರಂಪರೆಯ ಗುಡಿಗಳು ಇಲ್ಲಿನ ಹಳ್ಳಿಗಳಲ್ಲಿ ಸುಮ್ಮನೆ ನಿಂತಿವೆ.

ಪೇಟೆಗೆ ಹೊಂದಿಕೊಂಡಂತಿರುವ ಹೊಸಹೊಳಲಿನಲ್ಲಿ, 1250ರ ಸುಮಾರಿಗೆ ವೀರ ಸೋಮೇಶ್ವರನ ಕಾಲದಲ್ಲಿ ಕಟ್ಟಿದ ಲಕ್ಷ್ಮೀನಾರಾಯಣ ದೇವಾಲಯವಿದೆ. ಮೂರು ಗರ್ಭಗುಡಿಗಳ ತ್ರಿಕೂಟ. ಒಳಗೆ ಹೋಗುವ ಮುಂಚೆ ಹೊರಗೋಡೆಯ ಬುಡವನ್ನು ಪ್ರದಕ್ಷಿಣೆಯಾಗಿ ನೋಡಿ. ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಆಮೇಲೆ ಪುರಾಣದ ಕತೆಗಳು, ಮಕರ, ಹಂಸ. ಕತೆಯ ಸಾಲಿನಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು ಒಂದರ ಹಿಂದೊಂದು ಬರುತ್ತವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಒಡವೆಯ ಎಳೆಯನ್ನೂ ಬೆರಳುಗುರನ್ನೂ ಬಿಡಿಸಲು ಶಿಲ್ಪಿಗಳಿಗೆ ಸಾಧ್ಯವಾದದ್ದು ಈ ಗುಣದಿಂದ.

ಮುಂದೆ ಕಿಕ್ಕೇರಿ. ಒಂದನೆಯ ನರಸಿಂಹನ ಕಾಲದಲ್ಲಿ, 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಮಹಿಳೆ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯ ಇಲ್ಲಿದೆ. ಇದೇ ಊರಿನಲ್ಲಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ‘ಮೈಸೂರು ಮಲ್ಲಿಗೆ’ಯನ್ನು ಮನೆಯಲ್ಲಿ ಹಾಡಿಕೊಳ್ಳುವವರು ಆ ಹಾಡುಗಳನ್ನು ಕಾರಿನಲ್ಲಿ ಕೇಳುತ್ತ ಈ ಬೀದಿಗಳಲ್ಲಿ ಒಮ್ಮೆ ಹಾದುಹೋಗಲಿ. ಹತ್ತಿರದ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ಐದು ಗುಡಿಗಳು ಒಂದೇ ಸಾಲಿನಲ್ಲಿವೆ. ಹೊಯ್ಸಳರಲ್ಲಿ ಅಂಥ ಕಟ್ಟಡ ಬಲು ವಿರಳ. ಅಗ್ರಹಾರ ಬಾಚಹಳ್ಳಿಯಲ್ಲಿ ತುದಿಯ ಮೇಲೆ ಆನೆಯನ್ನು ಹೊತ್ತ ಕಂಬಗಳಿವೆ. ದೊರೆ ಸತ್ತರೆ ತಾವೂ ಬದುಕುವುದಿಲ್ಲವೆಂದು ಪ್ರಾಣ ಕೊಟ್ಟ ಗರುಡರೆಂಬ ಅಂಗರಕ್ಷಕರ ನೆನಪಿನ ಕಲ್ಲುಗಳು ಅವು.

ಮಧ್ಯಾಹ್ನದ ಊಟಕ್ಕೆ ಪೇಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಅಥವಾ ನಾಟಿಕೋಳಿ ಸಾರು. ಆಮೇಲೆ ಹೇಮಗಿರಿ. ಹೇಮಾವತಿಗೆ ಹಾಕಿದ ಹಳೆಯ ಕಟ್ಟೆಯ ಮೇಲಿಂದ ನೀರು ಹರಡಿಕೊಂಡು ಇಳಿಯುತ್ತದೆ, ಪಕ್ಕದ ಬೆಟ್ಟದ ಮೇಲೆ ವೆಂಕಟರಮಣನ ಗುಡಿ. ಇನ್ನಷ್ಟು ಬಿಡುವಿದ್ದರೆ ಅಕ್ಕಿಹೆಬ್ಬಾಳಿಗೆ ಹೋಗಿ. ಹೊಳೆಯ ದಂಡೆಯ ಈ ಊರು 1900ರಲ್ಲಿ ಎ.ಎನ್. ಮೂರ್ತಿರಾಯರನ್ನು ಕೊಟ್ಟಿತು. ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದ ಅವರು, ಪ್ರವಾಸಕ್ಕೆ ವಯಸ್ಸು ಅಡ್ಡಿಯಲ್ಲ, ನೋಡುವ ಕಣ್ಣು ಬೇಕು ಎಂದು ಕನ್ನಡಿಗರಿಗೆ ತೋರಿಸಿಕೊಟ್ಟವರು.

ಮೂರನೆಯ ದಿನ: ರಾಗಿಯ ನಾಡು

ಮೇಲುಕೋಟೆಯಿಂದ ಇಳಿದು ನಾಗಮಂಗಲದತ್ತ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಗದ್ದೆ ಸರಿದು ಹೊಲ ಬರುತ್ತದೆ, ಕಬ್ಬು ಸರಿದು ರಾಗಿ, ಹುರುಳಿ, ತೆಂಗು. ಒಂದೇ ಜಿಲ್ಲೆಯೊಳಗೆ ನಾಲೆ ತಲುಪಿದ ಊರಿಗೂ ತಲುಪದ ಊರಿಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕೆರೆ ತುಂಬಿದ ವರ್ಷ, ತುಂಬದ ವರ್ಷ ಎಂದು ಬದುಕನ್ನು ಲೆಕ್ಕ ಹಾಕಿದ ಊರುಗಳಿವು.

ನಾಗಮಂಗಲದ ಸೌಮ್ಯಕೇಶವ ದೇವಾಲಯ ಹೊಯ್ಸಳರದು, ಮುಂದಿನ ಎತ್ತರದ ಗೋಪುರ ಆಮೇಲಿನ ಕಾಲದ್ದು. ಊರು ಲೋಹದ ಎರಕಕ್ಕೆ, ದೇವರ ವಿಗ್ರಹ ಮತ್ತು ದೀಪಗಳಿಗೆ ಹೆಸರಾದದ್ದು. ಅಲ್ಲಿಂದ ಕಂಬದಹಳ್ಳಿ: ಗಂಗರ ಕಾಲದ ಪಂಚಕೂಟ ಬಸದಿ ಮತ್ತು ಅದರ ಮುಂದಿನ ಎತ್ತರದ ಕಂಬ. ಹೊಸಹೊಳಲಿನ ಕಿಕ್ಕಿರಿದ ಕೆತ್ತನೆ ನೋಡಿದ ಮರುದಿನ ಈ ಬಸದಿಯ ಬೋಳು ಗೋಡೆ, ಗಂಭೀರ ಅಳತೆ ನೋಡಬೇಕು. ಮೂರು ಶತಮಾನದಲ್ಲಿ ಕನ್ನಡ ನಾಡಿನ ಶಿಲ್ಪ ಎಲ್ಲಿಂದ ಎಲ್ಲಿಗೆ ಬಂತು ಎನ್ನುವುದು ಆಗ ಗೊತ್ತಾಗುತ್ತದೆ. ಕೊನೆಗೆ ಆದಿಚುಂಚನಗಿರಿ. ಕಾಲಭೈರವೇಶ್ವರನ ಸನ್ನಿಧಿಯ ಸುತ್ತಲಿನ ಬೆಟ್ಟ 1981ರಿಂದ ನವಿಲುಧಾಮ. ಊಟದ ಹೊತ್ತಿಗೆ ಹೋದರೆ ಮಠದ ದಾಸೋಹವಿದೆ.

ಈ ತಾಲ್ಲೂಕು ಕನ್ನಡಕ್ಕೆ ಕೊಟ್ಟ ಇಬ್ಬರನ್ನು ಇಲ್ಲಿ ನೆನೆಯಬೇಕು. ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯ ‘ಇಂಗ್ಲಿಷ್ ಗೀತಗಳು’ ಮೂಲಕ ಇಂಗ್ಲೆಂಡಿನ ಕಾವ್ಯವನ್ನು ಕನ್ನಡದ ದಾರಿಗೆ ತಂದರು. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟುವುದರ ಜೊತೆಗೆ, ಹೊರನಾಡಿನ ಯಾತ್ರಿಕರು ನಮ್ಮ ದೇಶವನ್ನು ಕಂಡ ಬಗೆಯನ್ನು ‘ಪ್ರವಾಸಿ ಕಂಡ ಇಂಡಿಯ’ ಸಂಪುಟಗಳಲ್ಲಿ ಕನ್ನಡಕ್ಕೆ ಕೊಟ್ಟರು. ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆ ಸುತ್ತಿದ ಅಂಥ ಒಬ್ಬ ಯಾತ್ರಿಕ ಫ್ರಾನ್ಸಿಸ್ ಬುಕಾನನ್, ತೊಣ್ಣೂರು ಮತ್ತು ಮೇಲುಕೋಟೆಯನ್ನೂ ಕಂಡು ಬರೆದಿಟ್ಟ. ಕೆರೆ, ಬೆಳೆ, ಮಣ್ಣು, ಕೂಲಿ ಎಲ್ಲವನ್ನೂ ನಿಂತು ಕೇಳಿ ಬರೆದುಕೊಂಡ ಅವನ ಕ್ರಮದಲ್ಲಿ ಇಂದಿನ ಪ್ರವಾಸಿಗೂ ಕಲಿಯುವುದಿದೆ.

ವಾಪಸಾಗುವಾಗ ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಸೇರಿ ಬೆಂಗಳೂರಿಗೆ ಬನ್ನಿ. ಹೋದ ದಾರಿಯಲ್ಲೇ ಮರಳುವ ಬೇಸರವಿಲ್ಲ.

ಹೊರಡುವ ಮುನ್ನ

ಅಕ್ಟೋಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆ ಮುಗಿದು ಕೆರೆಗಳು ತುಂಬಿರುತ್ತವೆ, ಬಿಸಿಲು ಹಿತ. ಗುಡಿಗಳ ಬಾಗಿಲು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ. ಆದ್ದರಿಂದ ಪೂಜೆ ನಡೆಯುವ ಗುಡಿಗಳನ್ನು ಬೆಳಿಗ್ಗೆ, ಕೆರೆ, ಕೋಟೆ, ಕಟ್ಟೆಗಳನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ಹಳ್ಳಿಯ ಗುಡಿಗೆ ಬೀಗ ಹಾಕಿದ್ದರೆ ಪಕ್ಕದ ಮನೆಯಲ್ಲಿ ವಿಚಾರಿಸಿ. ಕೀಲಿ ಯಾರ ಬಳಿ ಇದೆ ಎಂದು ಹೇಳುತ್ತಾರೆ. ವಾರಾಂತ್ಯಕ್ಕೆ ಮೇಲುಕೋಟೆಯ ಕೋಣೆಗಳನ್ನು ಮುಂಚೆಯೇ ಹೇಳಿಡಿ. ಪೆಟ್ರೋಲ್ ತಾಲ್ಲೂಕು ಕೇಂದ್ರಗಳಲ್ಲೇ ತುಂಬಿಸಿಕೊಳ್ಳಿ.

ರಸ್ತೆಯ ವಿಷಯದಲ್ಲಿ ಮೂರು ಎಚ್ಚರ. ಒಂದು, ನಾಲೆಯ ಏರಿಯ ರಸ್ತೆಗಳು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಆಮೇಲೂ ಕಾರುಗಳು ನಾಲೆಗೆ ಬಿದ್ದು ಜೀವಗಳು ಹೋಗಿವೆ. ನಾಲೆಯ ಪಕ್ಕ ನಿಧಾನವಾಗಿ ಹೋಗಿ, ಹಿಂದಿಕ್ಕಬೇಡಿ, ಪರಿಚಯವಿಲ್ಲದವರು ರಾತ್ರಿ ಆ ದಾರಿಗಳನ್ನು ಬಿಟ್ಟುಬಿಡಿ. ಎರಡು, ಕಬ್ಬಿನ ಟ್ರ್ಯಾಕ್ಟರುಗಳು. ಹಿಂದಿನ ದೀಪವಿಲ್ಲದ ಟ್ರೈಲರ್ ಕತ್ತಲಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಮೂರು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ರಾಗಿ. ಹುರುಳಿಯ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡರೆ ಬಿಸಿಗೆ ಬೆಂಕಿ ಹೊತ್ತುವ ಅಪಾಯವಿದೆ. ಬದಿಯಲ್ಲಿ ಜಾಗವಿದ್ದರೆ ತಪ್ಪಿಸಿ, ಇಲ್ಲದಿದ್ದರೆ ದಾಟಿದ ಮೇಲೆ ಇಳಿದು ಅಡಿಭಾಗ ನೋಡಿ.

ದಾರಿಯ ಮರ್ಯಾದೆಯ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಹಳ್ಳಿಗಳಲ್ಲಿ ಒಂದೇ ಕಾರು ಹಿಡಿಸುವ ಓಣಿಗಳಿವೆ. ಎದುರಿಗೆ ಬಂದವರಿಗೆ ದಾರಿ ಬಿಡಲು ಹಿಂದಕ್ಕೆ ಸರಿಯುವುದು ಅಲ್ಲಿನ ಮರ್ಯಾದೆ. ಅಲ್ಲಿಗೆ ಹೋಗುವ ನಮ್ಮವರು ಅದನ್ನು ಮೊದಲೇ ಓದಿಕೊಂಡು, ಕಲಿತುಕೊಂಡು ಹೋಗುತ್ತಾರೆ. ತಿಂಗಳ ಮುಂಚೆ ನಕ್ಷೆ, ಊರಿನ ಚರಿತ್ರೆ, ಊಟದ ಜಾಗ ಎಲ್ಲ ಗುರುತು ಮಾಡಿಕೊಳ್ಳುತ್ತಾರೆ. ಆ ಶ್ರದ್ಧೆಯ ಒಂದು ಪಾಲು ಸ್ವಂತ ನಾಡಿಗೂ ಸಲ್ಲಬೇಕು. ಎತ್ತಿನ ಗಾಡಿಗೆ, ಕುರಿ ಹಿಂಡಿಗೆ, ತಲೆಯ ಮೇಲೆ ಹೊರೆ ಹೊತ್ತವರಿಗೆ ದಾರಿ ಬಿಡುವುದು ಇಲ್ಲಿನ ಮರ್ಯಾದೆ. ಕೆರೆಯ ದಂಡೆಯಲ್ಲಿ, ಕಲ್ಯಾಣಿಯ ಮೆಟ್ಟಿಲಲ್ಲಿ ಪ್ಲಾಸ್ಟಿಕ್ ಬಿಟ್ಟುಬರದಿರುವುದೂ ಅಷ್ಟೇ ಮುಖ್ಯ. ಸಾವಿರ ವರ್ಷ ಕಾಪಾಡಿಕೊಂಡು ಬಂದ ನೀರು ಅದು.

ಮುಂದಿನ ರಜೆಯಲ್ಲಿ ಒಂದು ದಿನದ ಓಟವನ್ನು ಕೈಬಿಡಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಮೇಲುಕೋಟೆಯಲ್ಲಿ ಎರಡು ರಾತ್ರಿಗೆ ಕೋಣೆ ಹೇಳಿ, ಹೊಳೆಯಿಂದ ಶುರುಮಾಡಿ ಹೊಲದವರೆಗೆ ಹೋಗಿಬನ್ನಿ.